ಬಿಚ್ಚುವಾಗಲೇ ಕೂಡಿಸಬೇಕು

2021ರ ಏಪ್ರಿಲ್‌ನಲ್ಲಿ ಬೇವೂರಿನ ನಮ್ಮ ಮನೆ ಮುಂದಿನ ಬೇವಿನ ಮರದ ಕೆಳಗೆ ಅಂಗೈಯಗಲದ ಎಣ್ಣೆ ಕಲೆ ಕಂಡೆ. ಬೈಕು ನಿಲ್ಲಿಸುವ ಜಾಗ ಅದು. ಬಗ್ಗಿ ನೋಡಿದರೆ ಎಂಜಿನ್ನಿನ ಬಲಮಗ್ಗುಲಲ್ಲಿ, ಮೆಕ್ಯಾನಿಕ್‌ಗಳು ಕ್ಲಚ್ ಕವರ್ ಎನ್ನುವ ಅಲ್ಯುಮಿನಿಯಂ ಮುಚ್ಚಳದ ಅಂಚಿಗೆ ಎಣ್ಣೆ ಜಿನುಗಿ, ಅದಕ್ಕೆ ಧೂಳು ಮೆತ್ತಿ, ಕಪ್ಪು ಪಟ್ಟಿ ಕಟ್ಟಿತ್ತು. ಕಿಕ್ ಶಾಫ್ಟ್ ಹೊರಬರುವ ಕಡೆಯೂ ಒದ್ದೆಯಾಗಿತ್ತು.

ನನ್ನದು 2009ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್. ಯಲಬುರ್ಗಾ, ಕುಷ್ಟಗಿ ಸೀಮೆಯ ಯಾವ ಹಳ್ಳಿಗೆ ಹೋದರೂ ಈ ಬೈಕು ಸಿಗುತ್ತದೆ. 1994ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ, ಬಾಣಂತಿ, ಶಾಲೆ ಮಕ್ಕಳು ಎಲ್ಲವನ್ನೂ ಹೊತ್ತಿದೆ. ಅದರ 97.2 ಸಿ.ಸಿ. ಎಂಜಿನ್ನಿನಲ್ಲಿರುವ ಎಣ್ಣೆ ಒಂದು ಲೀಟರಿಗೂ ಕಡಿಮೆ. ಇರುವುದೇ ಅಷ್ಟು. ಹನಿಹನಿಯಾಗಿ ಅದು ಸೋರಿಹೋದರೆ ಒಂದು ದಿನ ಪಿಸ್ಟನ್ ಒಣಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಆಗುವ ಖರ್ಚು ನನ್ನಂಥವನ ಎರಡು ತಿಂಗಳ ದುಡಿಮೆ.

ಆಗ ನನಗೆ ದುಡಿಮೆಯೂ ಇರಲಿಲ್ಲ. ನಾನು ಅತಿಥಿ ಶಿಕ್ಷಕ. ಶಾಲೆ ಮುಚ್ಚಿದರೆ ನಮ್ಮ ಕೆಲಸವೂ ಮುಚ್ಚಿದಂತೆ. ಮನೆಯಲ್ಲಿ ಅಪ್ಪನಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು. ಅವನು ತೆಗೆದುಕೊಳ್ಳುತ್ತಿದ್ದ ಇನ್ಸುಲಿನ್ ಕೊಪ್ಪಳದ ಔಷಧಿ ಅಂಗಡಿಯಿಂದಲೇ ತರಬೇಕಿತ್ತು. ಏಪ್ರಿಲ್‌ನಲ್ಲಿ ಹಾಗೆ ಹೋದಾಗಲೇ ಪ್ಯಾಕಿಂಗ್ ಸೆಟ್ಟು, ಕಿಕ್ ಶಾಫ್ಟಿನ ಆಯಿಲ್ ಸೀಲು, ಒಂದು ಡಬ್ಬಿ 10ಡಬ್ಲ್ಯು-30 ಎಣ್ಣೆ ಕೊಂಡು ತಂದಿದ್ದೆ. ನಮ್ಮ ಬೈಕು ನೋಡುತ್ತಿದ್ದ ಮಿಸ್ತ್ರಿ ಕಾಕಾ, ‘ಮುಂದಿನ ವಾರ ಬಾ, ಅರ್ಧ ತಾಸಿನ ಕೆಲಸ’ ಎಂದಿದ್ದರು. ಆ ಮುಂದಿನ ವಾರ ಬರಲೇ ಇಲ್ಲ. ಏಪ್ರಿಲ್ 27ರ ರಾತ್ರಿಯಿಂದ ಕೊರೊನಾ ಬಿಗಿ ಶುರುವಾಯಿತು. ಮೇ 10ರಿಂದ ಇಡೀ ರಾಜ್ಯ ಲಾಕ್‌ಡೌನ್. ಬೆಳಿಗ್ಗೆ 6ರಿಂದ 10ರವರೆಗೆ ಕಿರಾಣಿ, ಕಾಯಿಪಲ್ಲೆ. ಔಷಧಿ ಅಂಗಡಿ ಮಾತ್ರ ಇಡೀ ದಿನ. ಗ್ಯಾರೇಜುಗಳ ಶಟರು ಇಳಿಯಿತು. ಕಾಕಾ ತಮ್ಮೂರು ಗಂಗಾವತಿಗೆ ಹೋಗಿಬಿಟ್ಟರು. ಬಸ್ಸೂ ಇಲ್ಲ.

ಮೇ 12ರಂದು ಅಪ್ಪನ ಇನ್ಸುಲಿನ್ ಬಾಟಲಿ ಬೆಳಕಿಗೆ ಹಿಡಿದು ನೋಡಿದೆ. ನಾಲ್ಕು ದಿನಕ್ಕಾಗುವಷ್ಟಿತ್ತು. ಡಿಪ್‌ಸ್ಟಿಕ್ ತೆಗೆದು ಒರೆಸಿ, ತಿರುಪದೆ ಸುಮ್ಮನೆ ಇಳಿಬಿಟ್ಟು ನೋಡಿದೆ. ಎಣ್ಣೆ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಸಾಮಾನು ಮನೆಯಲ್ಲೇ ಇದೆ, ಪಾನಾಗಳಿವೆ, ಗ್ಯಾರೇಜಿನಲ್ಲಿ ನಿಂತು ಎಷ್ಟೋ ಸಲ ನೋಡಿದ್ದೇನೆ. ನಾನೇ ಬಿಚ್ಚುತ್ತೇನೆ ಅಂದುಕೊಂಡೆ.

ಬಿಚ್ಚುವುದು ಸುಲಭವಾಗಿತ್ತು. ಬುಟ್ಟಿಯೊಂದನ್ನು ಕೆಳಗಿಟ್ಟು ಎಣ್ಣೆ ಇಳಿಸಿದೆ. ಸೈಲೆನ್ಸರು, ಕಾಲಿಡುವ ರಾಡು, ಕಿಕ್ ಲಿವರು ತೆಗೆದೆ. ಕ್ಲಚ್ ಕೇಬಲ್ಲನ್ನು ಅದರ ಆರ್ಮಿನಿಂದ ಬಿಡಿಸಿದೆ. ಆಮೇಲೆ 8ನೇ ನಂಬರಿನ ಟಿ-ಸ್ಪ್ಯಾನರ್ ಹಿಡಿದು ಕವರಿನ ಸುತ್ತಲಿನ ಬೋಲ್ಟುಗಳನ್ನು ಒಂದೊಂದಾಗಿ ತೆಗೆಯುತ್ತ ಪಕ್ಕದ ಸ್ಟೀಲ್ ತಾಟಿಗೆ ಹಾಕಿದೆ. ಠಣ್ ಠಣ್ ಎಂದು ಎಲ್ಲ ಒಂದೇ ಕಡೆ ಬಿದ್ದವು. ಎಲ್ಲವೂ 6 ಎಂ.ಎಂ. ದಪ್ಪದವು, ಎಲ್ಲದರ ತಲೆಯೂ ಒಂದೇ ಅಳತೆ. ಆದ್ದರಿಂದ ಎಲ್ಲವೂ ಒಂದೇ ಎಂದು ನನ್ನ ಕಣ್ಣು ಎಣಿಸಿತು. ಉದ್ದ ಬೇರೆ ಬೇರೆ ಇತ್ತು. ಕವರು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಬೋಲ್ಟಿನ ಉದ್ದವೂ ಅದಕ್ಕೆ ತಕ್ಕಂತೆ ಇರುತ್ತದೆ. ಇದು ನನಗೆ ಹೊಳೆಯಲಿಲ್ಲ. ಈ ಬರಹದಲ್ಲಿ ಮುಂದೆ ಬರುವ ಕಷ್ಟವೆಲ್ಲ ಆ ತಾಟಿನಲ್ಲೇ ಹುಟ್ಟಿತು.

ಕವರು ಬರಲು ಒಲ್ಲದಾಗ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದೆ. ಅದು ಎರಡನೆಯ ತಪ್ಪು. ಮೆತ್ತನೆಯ ಅಲ್ಯುಮಿನಿಯಂ ಅಂಚಿನ ಮೇಲೆ ಉಗುರಿನಷ್ಟು ಗೀರು ಬಿತ್ತು. ಕವರಿಗೂ ಎಂಜಿನ್ನಿಗೂ ನಡುವಿನ ಹಳೆಯ ಪ್ಯಾಕಿಂಗು ಸುಟ್ಟ ರೊಟ್ಟಿಯ ಹಾಗೆ ಕಲ್ಲಾಗಿ ಅಂಟಿಕೊಂಡಿತ್ತು. ಬ್ಲೇಡಿನಿಂದ ಕೆರೆದು ತೆಗೆದೆ. ಕವರನ್ನು ಸರಿಯಾದ ಜಾಗದಲ್ಲಿ ಕೂರಿಸಲೆಂದು ಎಂಜಿನ್ನಿನ ಅಂಚಿನಲ್ಲಿ ಎರಡು ಪುಟ್ಟ ಉಕ್ಕಿನ ಕೊಳವೆಗಳಿರುತ್ತವೆ, ಡೋವೆಲ್ ಪಿನ್ ಅನ್ನುತ್ತಾರೆ. ಅವುಗಳಲ್ಲಿ ಒಂದು ಅಲ್ಲಿರಲಿಲ್ಲ. ಮೊದಲೇ ಇರಲಿಲ್ಲವೋ, ನಾನು ಕೆಡವಿದೆನೋ ತಿಳಿಯಲಿಲ್ಲ. ಒಂದಿದೆಯಲ್ಲ, ಸಾಕು ಎಂದು ಮುಂದೆ ಹೋದೆ.

ಮರುದಿನ ಕೂಡಿಸಲು ಕುಳಿತೆ. ಹೊಸ ಸೀಲು ಬಡಿದೆ, ಹೊಸ ಪ್ಯಾಕಿಂಗು ಹಚ್ಚಿದೆ, ಕವರು ಇಟ್ಟೆ. ಒಂದು ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು ಉಳಿಯಿತು. ಬೋಲ್ಟು ಬಿಗಿದರೆ ತಾನೇ ಕೂಡುತ್ತದೆ ಎಂದು ತಾಟಿನಿಂದ ಕೈಗೆ ಸಿಕ್ಕ ಬೋಲ್ಟು ತೆಗೆದು ಸಿಕ್ಕ ತೂತಿಗೆ ಹಾಕುತ್ತ ಹೋದೆ. ಒಂದು ಬೋಲ್ಟು ಎರಡು ಮೂರು ಸುತ್ತಿಗೇ ತಲೆ ಕೂಡಿ ನಿಂತಿತು. ಮುಷ್ಟಿ ಹಿಡಿದು ತಿರುಗಿಸಿದೆ. ಕ್ಷಣ ಹೊತ್ತು ಬಿಗಿಯಾಯಿತು, ಆಮೇಲೆ ಬೆಣ್ಣೆಯೊಳಗೆ ತಿರುಗಿದಂತೆ ಸಡಿಲವಾಯಿತು. ಬಿಚ್ಚಿ ನೋಡಿದರೆ ಬೋಲ್ಟಿನ ಸುತ್ತ ಬೆಳ್ಳಗಿನ ಅಲ್ಯುಮಿನಿಯಂ ಎಳೆ ಸುತ್ತಿಕೊಂಡು ಬಂದಿತ್ತು. ಎಂಜಿನ್ನಿನೊಳಗಿನ ಥ್ರೆಡ್ಡು ಕಿತ್ತು ಬಂದಿತ್ತು.

ಆ ಎಳೆಯನ್ನು ಬೆರಳಲ್ಲಿ ಹಿಡಿದಾಗ ಹೊಟ್ಟೆಯೊಳಗೆ ಆದದ್ದನ್ನು ಈಗಲೂ ಮರೆತಿಲ್ಲ. ಆದರೂ ಉಳಿದವನ್ನು ಬಿಗಿದೆ, ಎಣ್ಣೆ ಹಾಕಿದೆ, ಕಿಕ್ ಹೊಡೆದೆ. ಎಂಜಿನ್ ಹೊತ್ತಿತು. ಐದು ನಿಮಿಷ ನೋಡಿದೆ, ಸೋರಲಿಲ್ಲ. ನನಗೆ ಬೇಕಾದದ್ದನ್ನೇ ನಾನು ನಂಬಿದೆ.

ಮೇ 14, ಶುಕ್ರವಾರ. ಆ ವರ್ಷ ಬಸವ ಜಯಂತಿ, ರಮ್ಜಾನ್ ಎರಡೂ ಒಂದೇ ದಿನ ಬಂದಿದ್ದವು. ಬೇರೆ ವರ್ಷವಾಗಿದ್ದರೆ ಎತ್ತುಗಳ ಮೆರವಣಿಗೆ ಒಂದು ಕಡೆ, ಸುರಕುಂಬಾದ ಬಟ್ಟಲು ಇನ್ನೊಂದು ಕಡೆ. ಆವತ್ತು ರಸ್ತೆ ಬಿಕೋ ಅನ್ನುತ್ತಿತ್ತು. ನಸುಕಿನಲ್ಲೇ ಕೊಪ್ಪಳಕ್ಕೆ ಹೊರಟೆ. ಅಪ್ಪನ ಔಷಧಿ ಚೀಟಿ ತೋರಿಸಿದ್ದಕ್ಕೆ ಪೊಲೀಸರು ಬಿಟ್ಟರು. ಇನ್ಸುಲಿನ್ ಸಿಕ್ಕಿತು. ಬಿಸಿಲಿಗೆ ಕೆಡಬಾರದೆಂದು ಒಯ್ದಿದ್ದ ಸ್ಟೀಲ್ ಡಬ್ಬಿಯಲ್ಲಿ ಇಟ್ಟು, ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ, ಚೀಲದಲ್ಲಿ ಹಾಕಿಕೊಂಡು ತಿರುಗಿದೆ.

ಊರು ಇನ್ನೂ ಐದಾರು ಕಿಲೋಮೀಟರ್ ಇರುವಾಗ ಸುಟ್ಟ ಎಣ್ಣೆಯ ವಾಸನೆ ಬಂತು. ಸೈಲೆನ್ಸರಿನಿಂದ ಬಿಳಿ ಹೊಗೆ ಏಳುತ್ತಿತ್ತು. ಬಲಗಾಲಿನ ಚಪ್ಪಲಿ ಜಾರಿತು, ಪಾದವೆಲ್ಲ ಎಣ್ಣೆ. ಕೀಲಿ ತಿರುಗಿಸಿ ಎಂಜಿನ್ ಆರಿಸಿದೆ. ಡಿಪ್‌ಸ್ಟಿಕ್ ತೆಗೆದರೆ ತುದಿ ಒಣಗಿತ್ತು. ಇನ್ನೊಂದು ಕಿಲೋಮೀಟರ್ ಓಡಿಸಿದ್ದರೆ ಎಂಜಿನ್ ಉಳಿಯುತ್ತಿರಲಿಲ್ಲ.

ಅಲ್ಲಿಂದ ತಳ್ಳಿದೆ. ನಮ್ಮ ಕಡೆಯ ಮೇ ತಿಂಗಳ ಬಿಸಿಲು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಎರಡೂ ಕಡೆ ಬಿತ್ತನೆಗೆ ಹರಗಿಟ್ಟ ಹೊಲ, ನೆರಳಿಗೆ ಅಲ್ಲೊಂದು ಇಲ್ಲೊಂದು ಬೇವು, ಜಾಲಿ. ಬೈಕು ಸುಮಾರು ನೂರಾ ಹತ್ತು ಕೆ.ಜಿ. ತೂಕ, ಏರು ಬಂದಾಗ ಅದು ಎರಡರಷ್ಟಾಗುತ್ತದೆ. ಪ್ರತಿ ಮರದ ಕೆಳಗೂ ನಿಂತು, ಬಾಟಲಿಯ ನೀರನ್ನು ಮೊದಲು ಡಬ್ಬಿಯ ಬಟ್ಟೆಗೆ ಹನಿಸಿ, ಉಳಿದರೆ ನಾನು ಕುಡಿದೆ. ಕೊನೆಯ ಒಂದು ಕಿಲೋಮೀಟರ್ ಕುರಿ ಕಾಯುವ ಹುಡುಗನೊಬ್ಬ ಹಿಂದಿನಿಂದ ಕೈ ಕೊಟ್ಟ. ಮನೆ ಮುಟ್ಟಿದಾಗ ಮಧ್ಯಾಹ್ನ ಎರಡು ದಾಟಿತ್ತು. ಹೆಂಡತಿ ಡಬ್ಬಿ ತೆಗೆದುಕೊಂಡು ಹೋಗಿ, ಒದ್ದೆ ಮರಳು ತುಂಬಿದ ದೊಡ್ಡ ಮಡಕೆಯೊಳಗಿನ ಸಣ್ಣ ಮಡಕೆಗೆ ಇಟ್ಟಳು. ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಇನ್ಸುಲಿನ್ ಉಳಿಯುತ್ತಿದ್ದುದು ಆ ಮಡಕೆಯಲ್ಲೇ.

ಸಂಜೆ ಗಂಗಾವತಿಗೆ ಫೋನ್ ಹಚ್ಚಿದೆ.

“ಕಾಕಾ, ಹಬ್ಬದ ದಿನಾ ತ್ರಾಸ ಕೊಡಾಕತ್ತೀನ್ರಿ.”

“ಹೇಳಪಾ ತಮ್ಮಾ. ಈದ್ ನಮಾಜ ಮನ್ಯಾಗ ಮಾಡೀವಿ, ಮನ್ಯಾಗ ಕುಂತೀವಿ. ಏನಾತು?”

ಎಲ್ಲ ಹೇಳಿದೆ. ಬೋಲ್ಟುಗಳನ್ನು ತಾಟಿಗೆ ಹಾಕಿದ್ದು ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

“ತಮ್ಮಾ, ಕೂಡಸೂದು ಅನ್ನೂದು ಬಿಚ್ಚೂಮುಂದನ ಸುರು ಆಗ್ತೈತಿ. ಬಿಚ್ಚೂಮುಂದ ಗುರ್ತ ಇಡಲಿಲ್ಲಂದ್ರ ಕೂಡಸೂಮುಂದ ದೇವರೂ ಹೇಳಂಗಿಲ್ಲ. ಹೋಗ್ಲಿ, ಎಂಜಿನ್ ಬಂದ್ ಮಾಡಿದ್ಯಲ್ಲ, ಚೊಲೊ ಮಾಡಿದಿ. ನಾಳೆ ಮುಂಜಾನೆ ಮತ್ತ ಬಿಚ್ಚು. ನಾ ಹೇಳಿದಂಗ ಮಾಡು. ಅವಸರ ಬ್ಯಾಡ.”

ಅಪ್ಪ ಕಟ್ಟೆಯ ಮೇಲೆ ಕುಳಿತು ಎಲ್ಲ ಕೇಳುತ್ತಿದ್ದ. “ಕೂರಿಗಿ ಬಿಚ್ಚಿ ಅಟ್ಟದ ಮ್ಯಾಲ ಇಡೂಮುಂದ ನಾವು ಯಾವ ಕೊಳವಿ ಯಾವ ತೂತಿಂದು ಅಂತ ದಾರ ಕಟ್ಟಿ ಇಡ್ತಿದ್ವಿ. ಮುಂದಿನ ವರ್ಷ ಮಳಿ ಬಂದಾಗ ಹುಡುಕ್ಯಾಡಾಕ ಟೈಮ್ ಎಲ್ಲಿರ್ತೈತಿ?” ಎಂದ. ಎರಡು ಬೇರೆ ಕಸುಬಿನ ಇಬ್ಬರು ಹಿರಿಯರು ಒಂದೇ ಸಂಜೆ ಒಂದೇ ಮಾತು ಹೇಳಿದ್ದರು.

ಮರುದಿನ ಬೆಳಿಗ್ಗೆ ಕೆಲಸ ಬೇರೆ ರೀತಿ ಶುರುವಾಯಿತು. ಮೊದಲು ಕಾಣೆಯಾದ ಡೋವೆಲ್ ಪಿನ್ನು. ಹಳೆ ರೇಡಿಯೋದ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ, ಮೊದಲ ದಿನ ಇಳಿಸಿಟ್ಟಿದ್ದ ಎಣ್ಣೆಯ ಬುಟ್ಟಿಯಲ್ಲಿ ಆಡಿಸಿದೆ. ಮೂರನೆಯ ಸುತ್ತಿಗೆ ಟಕ್ ಎಂದು ಕಚ್ಚಿಕೊಂಡು ಬಂತು. ಕವರು ಕೂಡದೆ ಉಳಿದದ್ದಕ್ಕೆ ಅರ್ಧ ಕಾರಣ ಅದು. ಇನ್ನರ್ಧ, ಕ್ಲಚ್ ಆರ್ಮನ್ನು ಸರಿಯಾದ ಕಡೆ ತಿರುಗಿಸಿ ಹಿಡಿಯದೆ ಇಟ್ಟದ್ದು. ಕವರು ತಾನಾಗಿ, ಅಂಗೈಯ ಒತ್ತಿಗೆ ಪೂರ್ತಿ ಕೂಡಬೇಕು. ಬೋಲ್ಟಿನಿಂದ ಎಳೆದು ಕೂಡಿಸಬಾರದು. ಸಂದು ಉಳಿದರೆ ಒಳಗೆ ಏನೋ ತಡೆಯುತ್ತಿದೆ ಎಂದರ್ಥ.

ಆಮೇಲೆ ಬೋಲ್ಟು. ಯಾವುದು ಎಲ್ಲಿಯದು ಎಂದು ತಿಳಿಯಲು ಕಾಕಾ ಹೇಳಿಕೊಟ್ಟ ಉಪಾಯವನ್ನು ಎಲ್ಲರೂ ತಿಳಿದಿರಬೇಕು. ಕವರು ಕೂರಿಸಿ, ಬೋಲ್ಟುಗಳನ್ನು ತಿರುಪದೆ ತೂತುಗಳಿಗೆ ಸುಮ್ಮನೆ ಇಳಿಬಿಡಬೇಕು. ಥ್ರೆಡ್ಡು ಮುಟ್ಟಿ ನಿಂತಾಗ ಎಲ್ಲ ಬೋಲ್ಟಿನ ತಲೆಯೂ ಕವರಿನಿಂದ ಒಂದೇ ಎತ್ತರಕ್ಕೆ ಎದ್ದು ನಿಲ್ಲಬೇಕು. ಒಂದು ಎತ್ತರವಾಗಿ ನಿಂತರೆ ಅದು ಉದ್ದದ್ದು, ಆ ತೂತಿನದಲ್ಲ. ಬಿಗಿದರೆ ತಳ ಮುಟ್ಟಿ ಥ್ರೆಡ್ಡು ಕೀಳುತ್ತದೆ. ಒಂದು ತಗ್ಗಿ ನಿಂತರೆ ಗಿಡ್ಡದ್ದು. ಎರಡು ಮೂರು ಸುತ್ತು ಮಾತ್ರ ಹಿಡಿದು, ಬಿಗಿದಾಗ ಆ ಎರಡು ಸುತ್ತನ್ನೇ ಕಿತ್ತುಕೊಂಡು ಬರುತ್ತದೆ. ಬೋಲ್ಟು ಉಕ್ಕಿನದು, ಎಂಜಿನ್ನು ಅಲ್ಯುಮಿನಿಯಂನದು. ಅವೆರಡರ ಜಗಳದಲ್ಲಿ ಸೋಲುವುದು ಯಾವಾಗಲೂ ಎಂಜಿನ್ನೇ. 6 ಎಂ.ಎಂ. ಬೋಲ್ಟು ಅಲ್ಯುಮಿನಿಯಂನಲ್ಲಿ ಕಡಿಮೆಯೆಂದರೂ 9 ಎಂ.ಎಂ. ಆಳ ಹಿಡಿದಿರಬೇಕು. ನಾನು ಅದಲುಬದಲು ಮಾಡುತ್ತ ಹೋದೆ. ಅರ್ಧ ತಾಸಿನಲ್ಲಿ ಬೋಲ್ಟುಗಳೆಲ್ಲ ಪ್ರಾರ್ಥನೆಗೆ ಸಾಲು ನಿಂತ ಮಕ್ಕಳಂತೆ ಸಮವಾಗಿ ನಿಂತವು. ಒಂಬತ್ತು ವರ್ಷದ ನನ್ನ ಮಗಳು ರಟ್ಟಿನ ಮೇಲೆ ಕವರಿನ ಚಿತ್ರ ಬರೆದು ಬೋಲ್ಟಿಗೊಂದು ತೂತು ಮಾಡಿದಳು. ನಾನು ತೆಗೆದು ಕೊಟ್ಟ ಹಾಗೆ ಅವಳು ಚುಚ್ಚುತ್ತ ಹೋದಳು.

ಥ್ರೆಡ್ಡು ಹೋದ ತೂತಿಗೆ ಕಸಬರಿಗೆ ಕಡ್ಡಿ ಇಳಿಸಿ, ಉಗುರಿನಿಂದ ಗುರುತು ಹಿಡಿದು ಆಳ ಅಳೆದೆ. ಹಳೆ ಬೋಲ್ಟು ಮುಟ್ಟುತ್ತಿದ್ದ ಜಾಗಕ್ಕಿಂತ ಕೆಳಗೆ ಇನ್ನೂ ಕೆಡದ ಥ್ರೆಡ್ಡು ಇತ್ತು. ಸೈಕಲ್ ಪಂಪಿನಿಂದ ಗಾಳಿ ಊದಿ ಒಳಗಿನ ಪುಡಿ ಹೊರಗೆ ಹಾರಿಸಿದೆ. ಊರಿನಲ್ಲಿ ಬೋರ್‌ವೆಲ್ ಮೋಟರು ರಿಪೇರಿ ಮಾಡುವ ಅಣ್ಣನೊಬ್ಬ ಇದ್ದ. ಅವನ ಡಬ್ಬಿಯಲ್ಲಿ ಹುಡುಕಿ, ತಳ ಮುಟ್ಟದಷ್ಟು ಮಾತ್ರ ಉದ್ದವಿರುವ ಬೋಲ್ಟೊಂದನ್ನು ತಂದೆ. ಅವನ ಹತ್ತಿರವೇ ಪ್ಯಾಕಿಂಗ್ ಶೀಟೂ ಸಿಕ್ಕಿತು. ಹೊಸ ಪ್ಯಾಕಿಂಗು ಮೊದಲ ಸಲದ ಎಳೆದಾಟದಲ್ಲಿ ಹರಿದುಹೋಗಿತ್ತು.

ಪ್ಯಾಕಿಂಗು ಕೈಯಲ್ಲೇ ಕತ್ತರಿಸಿದೆ. ಕವರಿನ ಅಂಚಿಗೆ ತೆಳ್ಳಗೆ ಎಣ್ಣೆ ಸವರಿ ಶೀಟಿನ ಮೇಲೆ ಒತ್ತಿದರೆ ಅಚ್ಚು ಬೀಳುತ್ತದೆ. ಆ ಅಚ್ಚಿನ ಗುಂಟ ಕತ್ತರಿ, ಬ್ಲೇಡು ಆಡಿಸಿದೆ. ಬೋಲ್ಟಿನ ತೂತುಗಳಿಗೆ ಮನೆಯಲ್ಲಿದ್ದ ಕಾಗದ ತೂತು ಹಾಕುವ ಪಂಚು ಒದಗಿತು. ಅದು ಹಾಕುವ ತೂತೂ 6 ಎಂ.ಎಂ. ಕಾಕಾ ಫೋನಿನಲ್ಲಿ ಮೂರು ಸಲ ಎಚ್ಚರಿಸಿದ್ದು ಇನ್ನೊಂದು ತೂತಿನ ಬಗ್ಗೆ: ಎಣ್ಣೆ ಹರಿಯುವ ದಾರಿ. “ಅದು ಮುಚ್ಚಿತಂದ್ರ ಹೊರಗ ಒಂದ ಹನಿ ಸೋರಂಗಿಲ್ಲ, ಒಳಗ ಎಂಜಿನ್ ಒಣಗಿ ಸಾಯ್ತೈತಿ. ಗಮ್ ಭಾಳ ಬಳೀಬ್ಯಾಡ. ಹೊರಗ ಎಷ್ಟ ಉಬ್ಬಿ ಬರ್ತೈತಲ್ಲ, ಒಳಗೂ ಅಷ್ಟ ಉಬ್ಬಿರ್ತೈತಿ.” ಗೀರು ಬಿದ್ದ ಜಾಗಕ್ಕಷ್ಟೇ ಬೆರಳ ತುದಿಯಲ್ಲಿ ತೆಳುವಾಗಿ ಸೋರಿಕೆ ತಡೆಯುವ ಗಮ್ ಸವರಿದೆ.

ಕಿಕ್ ಶಾಫ್ಟಿನ ತುದಿಯಲ್ಲಿ ಗರಗಸದಂಥ ಹಲ್ಲುಗಳಿವೆ. ಕವರು ಸರಿಸುವಾಗ ಅವು ಸೀಲಿನ ರಬ್ಬರ್ ತುಟಿಯನ್ನು ಕತ್ತರಿಸುತ್ತವೆ. ಮೊದಲ ಸಲ ಸೀಲು ಹೇಗೋ ಉಳಿದಿತ್ತು. ಈ ಸಲ ಹಲ್ಲಿಗೆ ಟೇಪು ಸುತ್ತಿ, ಗ್ರೀಸು ಹಚ್ಚಿ, ಕವರು ದಾಟಿಸಿ, ಆಮೇಲೆ ಟೇಪು ಎಳೆದುಕೊಂಡೆ. ಎರಡು ಡೋವೆಲ್ಲಿನ ಮೇಲೆ ಕವರು ಸರಿದು, ಅಂಗೈ ಒತ್ತಿದಾಗ ‘ಟಪ್’ ಎಂದು ಕೂತಿತು. ಸುತ್ತಲೂ ಬೆರಳಾಡಿಸಿದೆ, ಎಲ್ಲೂ ಸಂದಿಲ್ಲ.

ಮಗಳು ರಟ್ಟಿನಿಂದ ಒಂದೊಂದೇ ಬೋಲ್ಟು ತೆಗೆದು ಕೊಟ್ಟಳು. ಎಲ್ಲವನ್ನೂ ಮೊದಲು ಕೈಬೆರಳಿನಿಂದಲೇ ತಿರುಪಿದೆ. ಬೆರಳಿಗೆ ಬಾರದ ಬೋಲ್ಟನ್ನು ಪಾನಾಕ್ಕೆ ಕೊಡಬಾರದು. ಆಮೇಲೆ ಎದುರುಬದುರು, ಮೂಲೆಯಿಂದ ಮೂಲೆಗೆ, ಮೂರು ಸುತ್ತಿನಲ್ಲಿ ಬಿಗಿದೆ. ಒಂದೇ ಕಡೆಯಿಂದ ಸಾಲಾಗಿ ಬಿಗಿದರೆ ಕವರು ಸೊಟ್ಟಗೆ ಕೂತು ಪ್ಯಾಕಿಂಗು ಒಂದು ಕಡೆ ಸಡಿಲ ಉಳಿಯುತ್ತದೆ. ಈ ಬೋಲ್ಟಿಗೆ ಬೇಕಾದ ಬಿಗಿ 10ರಿಂದ 12 ನ್ಯೂಟನ್ ಮೀಟರ್. ಅಳೆಯುವ ಟಾರ್ಕ್ ರೆಂಚು ನನ್ನಲ್ಲಿರಲಿಲ್ಲ. 10 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ 10 ಕೆ.ಜಿ. ಭಾರ ಬಿದ್ದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಕಾಕಾನ ಅಳತೆ ಇನ್ನೂ ಸರಳ: “ಮೂರು ಬಳ್ಳಿಲೆ ಹಿಡಿ. ಮುಷ್ಟಿ ಹಿಡೀಬ್ಯಾಡ.” ಉದ್ದ ಬೋಲ್ಟು ಹಾಕಿದ ಆ ತೂತಿನ ಸರದಿ ಬಂದಾಗ ಉಸಿರು ಬಿಗಿಹಿಡಿದೆ. ಬೋಲ್ಟು ತಿರುಗಿತು, ತಿರುಗಿತು, ಮೆಲ್ಲಗೆ ನಿಂತಿತು. ನಿಂತೇ ಇತ್ತು.

ಪಕ್ಕದ ಮನೆಯವರು ತಮ್ಮ ಬೈಕಿಗೆಂದು ಇಟ್ಟಿದ್ದ ಎಣ್ಣೆ ಡಬ್ಬಿ ಕೊಟ್ಟರು. ಸಂಜೆವರೆಗೆ ಗಮ್ ಒಣಗಲು ಬಿಟ್ಟು ಎಣ್ಣೆ ತುಂಬಿದೆ. ಆಮೇಲೆ ಶಾಲೆಯ ಚೀಲದಲ್ಲಿ ವರ್ಷದಿಂದ ಉಳಿದಿದ್ದ ಸೀಮೆಸುಣ್ಣ ತೆಗೆದು, ಪುಡಿ ಮಾಡಿ, ಕವರು ಕೂಡುವ ಗೆರೆಯ ಗುಂಟ ಸುತ್ತಲೂ ಬಳಿದೆ. ಎಣ್ಣೆ ಕೂದಲೆಳೆಯಷ್ಟು ಜಿನುಗಿದರೂ ಬಿಳಿ ಸುಣ್ಣದ ಮೇಲೆ ಕಪ್ಪಾಗಿ ಕಾಣುತ್ತದೆ. ಎಂಜಿನ್ ಹೊತ್ತಿಸಿ ಹತ್ತು ನಿಮಿಷ ಬಿಟ್ಟೆ. ಆರಿಸಿ ಡಿಪ್‌ಸ್ಟಿಕ್ ನೋಡಿ, ಇಳಿದಷ್ಟು ಎಣ್ಣೆ ಮತ್ತೆ ತುಂಬಿದೆ. ಮತ್ತೆ ಹೊತ್ತಿಸಿ ಊರ ಸುತ್ತ ಒಂದು ಸುತ್ತು ಹಾಕಿ ಬಂದೆ. ರಾತ್ರಿ ಅಡಿಯಲ್ಲಿ ಹಳೆ ಪೇಪರು ಹಾಸಿ ಮಲಗಿದೆ. ಬೆಳಿಗ್ಗೆ ಎದ್ದು ಟಾರ್ಚು ಹಿಡಿದು ನೋಡಿದಾಗ ಸುಣ್ಣ ಬೆಳ್ಳಗಿತ್ತು. ಪೇಪರಿನ ಮೇಲೆ ಒಂದು ಹನಿಯೂ ಇರಲಿಲ್ಲ.

ಆ ಲಾಕ್‌ಡೌನ್ ಮೇ 24ಕ್ಕೆ ಮುಗಿಯಬೇಕಿದ್ದದ್ದು ಜೂನ್ 7ಕ್ಕೆ, ಆಮೇಲೆ ಜೂನ್ 14ಕ್ಕೆ ಮುಂದೆ ಹೋಯಿತು. ಅಷ್ಟು ದಿನವೂ ಅಪ್ಪನ ಇನ್ಸುಲಿನ್ ತಪ್ಪಲಿಲ್ಲ. ಜುಲೈನಲ್ಲಿ ಕಾಕಾ ಗ್ಯಾರೇಜು ತೆರೆದ ಮೇಲೆ ಬೈಕು ಒಯ್ದೆ. ಕವರಿನ ಸುತ್ತ ಬೆರಳಾಡಿಸಿ ನೋಡಿ, ಏನೂ ಹೇಳದೆ ಚಹಾ ತರಿಸಿದರು. ಥ್ರೆಡ್ಡು ಹೋದ ತೂತಿಗೆ ಲೇಥಿನವರ ಕಡೆಯಿಂದ ಹೆಲಿಕಾಯಿಲ್ ಹಾಕಿಸಿಕೊಟ್ಟರು. ಉಕ್ಕಿನ ತಂತಿಯ ಸುರುಳಿ ಅದು, ಕೆಟ್ಟ ತೂತಿನೊಳಗೆ ಹೊಸ ಥ್ರೆಡ್ಡಾಗಿ ಕೂರುತ್ತದೆ. ಮೊದಲಿನ ಅಳತೆಯ ಬೋಲ್ಟೇ ಈಗ ಅಲ್ಲಿದೆ.

ಮನೆಯಲ್ಲಿ ಬೈಕು ರಿಪೇರಿ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ನಮ್ಮಂಥ ಊರುಗಳಲ್ಲಿ ಅದು ಒಮ್ಮೊಮ್ಮೆ ಅನಿವಾರ್ಯ. ಹೇಳುವುದು ಇಷ್ಟೇ. ಮೊದಲ ಬೋಲ್ಟಿಗೆ ಪಾನಾ ಹಚ್ಚುವ ಮುಂಚೆ ಒಂದು ರಟ್ಟು ತಗೊಳ್ಳಿ. ಅದರ ಮೇಲೆ ಕವರಿನ ಆಕಾರ ಬರೆಯಿರಿ, ತೆಗೆದ ಬೋಲ್ಟನ್ನು ತೆಗೆದ ಜಾಗದಲ್ಲೇ ಚುಚ್ಚಿಡಿ. ಸ್ಕ್ರೂಡ್ರೈವರಿನಿಂದ ಎಬ್ಬಿಸಬೇಡಿ. ಕೂಡದ ಕವರನ್ನು ಬೋಲ್ಟಿನಿಂದ ಎಳೆಯಬೇಡಿ. ತುರ್ತು ಹೆಚ್ಚಿದಷ್ಟೂ ಕೈ ನಿಧಾನವಾಗಲಿ, ಏಕೆಂದರೆ ಆ ಬೈಕಿನ ಮೇಲೆ ಬರುವ ಔಷಧಿಗಾಗಿ ಮನೆಯಲ್ಲಿ ಯಾರೋ ಕಾಯುತ್ತಿರುತ್ತಾರೆ.